ಲೋಕಲ್ ಎನ್ನುವ ಮಾತು

ನಮ್ಮ ಬೆಂಗಳೂರಿನಲ್ಲಿ ಲೋಕಲ್ ಅಂದರೆ ಇಲ್ಲಿಯದು ಅಂತಲ್ಲ, ಕಳಪೆ ಅಂತ. ಎರಡು ದಿನಕ್ಕೆ ಸುಟ್ಟುಹೋಗುವ ಚಾರ್ಜರ್ ಲೋಕಲ್. ಆಟೊದವರ ಜೊತೆ ಗಟ್ಟಿ ದನಿಯಲ್ಲಿ ಜಗಳಕ್ಕೆ ನಿಲ್ಲುವ ಹೆಂಗಸು ಲೋಕಲ್. "ಲೋಕಲ್ ತರ ಆಡ್ಬೇಡ ಮಗಾ" ಎಂದು ಕಾಲೇಜಿನಲ್ಲಿ ಗೆಳತಿಯರಿಗೆ ನಾನೂ ಹೇಳಿದ್ದೇನೆ. ನಾನು ಹುಟ್ಟಿ ಬೆಳೆದದ್ದು ಸುದ್ದಗುಂಟೆಪಾಳ್ಯದಲ್ಲಿ. ಅಮ್ಮ ಇಸ್ತ್ರಿ ಗಾಡಿ ಇಟ್ಟುಕೊಂಡು ನನ್ನನ್ನು ಗಣಿತದಲ್ಲಿ ಎಂ.ಎಸ್ಸಿ. ಓದಿಸಿದಳು. ನಮ್ಮ ವಂಶದಲ್ಲಿ ಡಿಗ್ರಿ ಕಂಡವಳು ನಾನೊಬ್ಬಳೇ. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಜೆ.ಪಿ. ನಗರದ ಒಂದು ಶಾಲೆಗೆ ಗಣಿತದ ಟೀಚರ್ ಬೇಕಿತ್ತು. ಕೆಲಸ ಕೊಡುವ ಮೊದಲು ಒಂದು ಡೆಮೊ ಕ್ಲಾಸ್ ಮಾಡಿ ತೋರಿಸಬೇಕು. ಎದುರಿಗೆ ಏಳನೆಯ ತರಗತಿಯ ಮಕ್ಕಳು, ಹಿಂದಿನ ಬೆಂಚಿನಲ್ಲಿ ಪ್ರಿನ್ಸಿಪಾಲ್ ಮೇಡಂ. ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಪ್ಲಸ್ ಯಾಕೆ ಬರುತ್ತದೆ ಎನ್ನುವುದು ಪಾಠ. ನಾನು ಸೂತ್ರ ಒಪ್ಪಿಸಲಿಲ್ಲ. ಮೈನಸ್ ಎರಡನ್ನು ಮೂರರಿಂದ, ಎರಡರಿಂದ, ಒಂದರಿಂದ, ಸೊನ್ನೆಯಿಂದ ಗುಣಿಸಿ ಒಂದರ ಕೆಳಗೊಂದು ಬರೆದೆ. ಉತ್ತರ ಎರಡೆರಡೇ ಏರುತ್ತಿರುವುದನ್ನು ಮಕ್ಕಳೇ ಕಂಡುಹಿಡಿದರು. "ಹಂಗಾದ್ರೆ ನೆಕ್ಸ್ಟ್ ಮೈನಸ್ ಒನ್ನಿಗೆ ಪ್ಲಸ್ ಟೂ ಬರ್ಲೇಬೇಕು ಮಿಸ್!" ಎಂದು ಒಬ್ಬಳು ಎದ್ದೇ ನಿಂತಳು.

ಆಮೇಲೆ ಮೇಡಂ ತಮ್ಮ ಕೋಣೆಗೆ ಕರೆದರು.

"ಕಾನ್ಸೆಪ್ಟ್ ಚೆನ್ನಾಗಿ ಹೇಳ್ತೀರ. ಆದ್ರೆ ಇಂಗ್ಲಿಷ್ ಸ್ವಲ್ಪ ಲೋಕಲ್ ಆಯ್ತು. ನಮ್ ಪೇರೆಂಟ್ಸ್ ಒಪ್ಪಲ್ಲ."

"ಮಕ್ಳಿಗೆ ಅರ್ಥ ಆಯ್ತಲ್ಲ ಮೇಡಂ?"

"ಅರ್ಥ ಆದ್ರೆ ಸಾಕಾಗಲ್ಲಮ್ಮ." ಅವರು ಒಂದು ಫೈಲು ತಿರುವಿದರು. "ಕನ್ನಡ ಟೀಚರ್ ಪೋಸ್ಟ್ ಖಾಲಿ ಇದೆ. ಅದಕ್ಕಾದ್ರೆ ನೀವು ನಡೀತೀರ."

"ನಾನು ಓದಿದ್ದು ಗಣಿತ ಮೇಡಂ."

"ಕನ್ನಡ ಬರತ್ತಲ್ಲ? ಅದಕ್ಕಿನ್ನೇನು ಓದ್ಬೇಕು!"

ನನ್ನ ಓದನ್ನೂ, ಕನ್ನಡದಲ್ಲಿ ಎಂ.ಎ. ಮಾಡಿದವರ ಓದನ್ನೂ ಒಂದೇ ಏಟಿಗೆ ಗುಡಿಸಿ ಮೂಲೆಗೆ ಹಾಕಿದರು. ಎದ್ದು ಬರಬೇಕಿತ್ತು. ಆದರೆ ಅದು ನನ್ನ ಆರನೆಯ ಡೆಮೊ. "ಆಗ್ಲಿ ಮೇಡಂ" ಅಂದೆ.

ಅಮ್ಮ ಗಾಡಿಯ ಹತ್ತಿರ ಕಾಯುತ್ತಿದ್ದಳು.

"ಕೆಲ್ಸ ಆಯ್ತಾ? ಲೆಕ್ಕದ ಟೀಚರೇ ತಾನೆ?"

ಹೂಂ ಅಂದುಬಿಟ್ಟೆ. ಬಟ್ಟೆ ಕೊಡಲು ಬಂದಿದ್ದ ಆಂಟಿಗೆ ಅಲ್ಲೇ ಸುದ್ದಿ ಹೋಯಿತು. "ನನ್ ಮಗ್ಳು ದೊಡ್ ಸ್ಕೂಲಲ್ಲಿ ಲೆಕ್ಕದ ಮೇಡಂ ಆದ್ಳು ಕಣ್ರೀ!"

ಈಗ ಸಂಧಿ, ಸಮಾಸ ಮಾಡುತ್ತೇನೆ. ರಾತ್ರಿ ಓದಿಕೊಂಡು ಹೋಗಿ, ಮರ್ಯಾದೆಯಿಂದಲೇ ಮಾಡುತ್ತೇನೆ. ಗಣಿತದ ಟೀಚರ್ ರಜೆ ಹಾಕಿದ ದಿನ ಅವರ ತರಗತಿಗೆ ನನ್ನನ್ನೇ ಕಳಿಸುತ್ತಾರೆ, ಮಕ್ಕಳು ಗಲಾಟೆ ಮಾಡದಂತೆ ಕಾಯಲು. ಹೋದ ವಾರ ಎಂಟನೆಯ ತರಗತಿಯ ಒಬ್ಬಳು ಲೆಕ್ಕದ ಪುಸ್ತಕ ಹಿಡಿದು ನನ್ನ ಮೇಜಿನವರೆಗೆ ಬಂದಳು. ಪಕ್ಕದವಳು ತೋಳು ಜಗ್ಗಿದಳು. "ಅವ್ರು ಕನ್ನಡ ಮಿಸ್ ಕಣೇ, ಅವ್ರಿಗೆಲ್ಲಿ ಬರತ್ತೆ!"

ಪುಸ್ತಕವನ್ನು ಕಿತ್ತುಕೊಂಡಂತೆ ತೆಗೆದುಕೊಂಡೆ. ಇಡೀ ಪೀರಿಯಡ್ ಬೋರ್ಡಿನ ತುಂಬ ಬೀಜಗಣಿತ ಮಾಡಿದೆ. ಸಂಜೆ ಮೇಡಂ ಕರೆದು, ಇನ್ನು ಮುಂದೆ ಹೀಗೆ ಮಾಡಕೂಡದು ಎಂದರು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ, "ಇವತ್ತು ಲೆಕ್ಕ ಹೇಳ್ಕೊಟ್ಟೆ ಕಣಮ್ಮ."

"ದಿನಾ ಮಾಡೋದೇ ಅಲ್ವಾ, ಅದೇನ್ ಹೊಸ್ದಾಗಿ ಹೇಳ್ತೀಯ?" ಎಂದು ಅವಳು ತಟ್ಟೆ ಇಟ್ಟಳು.