ಪರಸೋಂ ಎಂಬ ದಿನ

ಹೈದರಾಬಾದಿನಲ್ಲಿ ‘ಪರಸೋಂ’ ಎಂದರೆ ನಾಡಿದ್ದು. ಮೊನ್ನೆಯೂ ಹೌದು. ಇಲ್ಲಿಯವರ ಬಾಯಲ್ಲಿ ಹೋದ ವರ್ಷವೂ ಪರಸೋಂ, ಎಂದೂ ಬಾರದ ದಿನವೂ ಪರಸೋಂ. ಕರ್ನಾಟಕದ ಊರುಗಳಲ್ಲಿ ಒಮ್ಮೆ ದೆವ್ವ ಒಳಗೆ ಬರದಿರಲೆಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಅದನ್ನೇ ಇಲ್ಲಿ ಗಿರಾಕಿಯ ಮುಖಕ್ಕೆ ಹೇಳುತ್ತಾರೆ. ಆ ಶಬ್ದ ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅಪ್ಪನಿಗೆ ಸಕ್ಕರೆ ಕಾಯಿಲೆ. ಬಲಗಾಲಿನ ಹೆಬ್ಬೆರಳಿಗೆ ಆದ ಹುಣ್ಣು ಮಾಯದೆ ಪಾದಕ್ಕೆ ಏರಿತ್ತು. ಇನ್ನೂ ಏರಿದರೆ ಮೊಣಕಾಲಿನ ಕೆಳಗೆ ಕತ್ತರಿಸಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರು. ಆ ದಿನ ಅಪ್ಪ ನಾರಾಯಣಗೂಡದ ಮನೆಗೆ ಬಂದವರೇ ಮೆಟ್ಟಿಲ ಕೆಳಗೆ ತಾಡಪತ್ರಿ ಹೊದ್ದು ನಿಂತಿದ್ದ ಮೋಟರ್ ಸೈಕಲ್ ತೋರಿಸಿದರು. ಇಂಗ್ಲೆಂಡಿನಲ್ಲಿ ತಯಾರಾದ ಗಾಡಿ ಅದು. ಕಾಲುವೆ ಕೆಲಸದ ಓವರ್‌ಸಿಯರ್ ಆಗಿದ್ದಷ್ಟು ಕಾಲ ಅಪ್ಪ ಅದರ ಮೇಲೆಯೇ ಊರೂರು ತಿರುಗಿದ್ದರು.

“ಇದನ್ನ ಚಾಲೂ ಮಾಡಸವಾ. ಕಾಲು ಹೋಗೂದ್ರೊಳಗ ಒಂದ್ ಸಲ ನಾನ ಕಿಕ್ ಹೊಡೀಬೇಕು.”

“ಹುಚ್ಚ ಹಿಡದೈತೇನ್ರಿ ನಿಮಗ? ಹುಣ್ಣಿನ ಕಾಲಾಗ ಕಿಕ್ಕು?”

“ಹೆಂಗೂ ಕಡಿಯೂ ಕಾಲದು. ಯಾರಿಗಂತ ಉಳಸ್ಲಿ?”

ಮರುದಿನವೇ ಮೆಕ್ಯಾನಿಕ್ಕನ್ನು ಕರೆಸಿದೆ. ಅವನು ಎಂಜಿನ್ ಬಿಚ್ಚಿ, ಸಿಲಿಂಡರ್ ಒಳಗೆ ಸವೆದಿದೆ, ಲೇಥಿನಲ್ಲಿ ಕೊರೆಸಿ ಒಂದು ನಂಬರ್ ದೊಡ್ಡ ಪಿಸ್ಟನ್ ಹಾಕಬೇಕು ಎಂದ. ಆ ಪಿಸ್ಟನ್ ಮಾಡುವುದನ್ನು ಯಾವತ್ತೋ ನಿಲ್ಲಿಸಿದ್ದರು.

ಐಟಿಯ ಭರಾಟೆಯ ಕಾಲ. ಗಚ್ಚಿಬೌಲಿಯ ಗಾಜಿನ ಕಟ್ಟಡಗಳ ಹುಡುಗರಿಗೆ ಹಳೆ ಮೋಟರ್ ಸೈಕಲ್ಲಿನ ಶೋಕಿ ಹತ್ತಿತ್ತು. ಹಳೆ ಸಾಮಾನಿನ ಅಂಗಡಿಗಳನ್ನೆಲ್ಲ ಗುಡಿಸಿ ಹಾಕಿದ್ದರು. ನಾನು ಹೋದಲ್ಲೆಲ್ಲ “ಲೇದಮ್ಮಾ” ಎಂದು ಕೈ ಆಡಿಸಿದ್ದೇ ಆಯಿತು. ಕೊನೆಗೆ ಅಬಿಡ್ಸಿನ ಹಿಂದಿನ ಗಲ್ಲಿಯ ಮುದುಕನೊಬ್ಬ ಅಟ್ಟ ಹತ್ತಿ, ಮೇಣದ ಕಾಗದದಲ್ಲಿ ಸುತ್ತಿದ್ದ ಒಂದೇ ಒಂದು ಪಿಸ್ಟನ್ ಇಳಿಸಿದ. ಅದನ್ನು ಅಪ್ಪ ರಾತ್ರಿ ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದರು.

ಇನ್ನು ಲೇಥಿನವನು. ಸಿಲಿಂಡರನ್ನೂ ಪಿಸ್ಟನ್ನನ್ನೂ ಹೊತ್ತುಕೊಂಡು ಅವನ ಅಂಗಡಿಗೆ ಹೋದೆ. ಫೋನಿನಲ್ಲಿ ಅಪ್ಪನ ಜೊತೆ ಮಾತಾಡುತ್ತಿದ್ದುದನ್ನು ಕೇಳಿಸಿಕೊಂಡವನೇ, “ನೀವು ಬೀದರ ಕಡೇರೇನ್ರಿ ಅಕ್ಕಾರ? ನಂದು ಗುಲಬರ್ಗಾ!” ಎಂದ. ಅಷ್ಟೇ ಸಾಕಾಯಿತು ನನಗೆ. ಮನೆಯ ಹೊಸ್ತಿಲು ದಾಟಿದರೆ ತೆಲುಗು, ಇಲ್ಲವೇ ಹಿಂದಿ. ಕನ್ನಡ ಕಿವಿಗೆ ಬಿದ್ದರೆ ಈ ಊರಿನಲ್ಲಿ ನಮ್ಮಂಥವರು ಕರಗಿಬಿಡುತ್ತೇವೆ, ಎದುರಿಗಿರುವವನು ಎಂಥವನೆಂದು ನೋಡುವುದಿಲ್ಲ. ಕಾಲಿನ ಸಂಗತಿಯನ್ನೂ ಹೇಳಿದೆ. ಅವನು ಎದೆಯ ಮೇಲೆ ಕೈಯಿಟ್ಟು, ನಮ್ಮಪ್ಪನನ್ನೂ ತನ್ನ ತಂದೆಯಂತೆ ‘ಅಬ್ಬಾ’ ಎನ್ನುತ್ತ, “ಅಬ್ಬಾ ಅವರ ಕೆಲಸ ಪೈಲಾ ರೀ, ಬ್ಯಾರೆದೆಲ್ಲ ಆಮ್ಯಾಲ. ಪರಸೋಂ ಬರ್ರಿ,” ಎಂದ.

ಹೋದೆ. ಕರೆಂಟ್ ಇರಲಿಲ್ಲವಂತೆ. ಮತ್ತೆ ಹೋದೆ, ಬಾಮೈದನ ಮದುವೆಯಂತೆ. ಪ್ರತಿ ಸಲವೂ ಬೆಣ್ಣೆಯಂಥ ಕನ್ನಡ, ಪ್ರತಿ ಸಲವೂ ಪರಸೋಂ. ಮನೆಯಲ್ಲಿ ಅಪ್ಪ ಬ್ಯಾಂಡೇಜಿನ ಕಾಲು ಸ್ಟೂಲಿನ ಮೇಲಿಟ್ಟುಕೊಂಡು ಕಾಯುತ್ತಿದ್ದರು. “ನಿಜಾಮನ ಕಾಲದ ಪರಸೋಂನ ಇನ್ನೂ ಬಂದಿಲ್ಲ ಬಿಡು,” ಎಂದು ನಗುತ್ತಿದ್ದರು. ಹುಣ್ಣು ಮಾತ್ರ ಹೇಳಿದ ಸಮಯಕ್ಕೆ ಸರಿಯಾಗಿ ಏರುತ್ತಿತ್ತು.

ಒಂದು ದಿನ ನೋಡುತ್ತೇನೆ, ನಮ್ಮ ಸಿಲಿಂಡರ್ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದೆ. ಪಿಸ್ಟನ್ ಇಲ್ಲ.

“ಎಲ್ಲಿ ಪಿಸ್ಟನ್ನು?”

“ಗಚ್ಚಿಬೌಲಿ ಸಾಹೇಬರದು ಅರ್ಜಂಟ್ ಇತ್ರಿ ಅಕ್ಕಾರ. ಐತವಾರ ರೈಡಿಗೆ ಹೊಂಟಿದ್ರು, ಅವರ ಗಾಡಿಗೆ ಹಾಕೀನಿ. ನಿಮಗ ಬ್ಯಾರೆದು ತರಸ್ತೀನಿ, ಪರಸೋಂ...”

“ನಿನ್ನ ಪರಸೋಂಗೆ ಬೆಂಕಿ ಬೀಳ್ಲಿ! ಐತವಾರದ ಶೋಕಿ ಅರ್ಜಂಟು, ನಮ್ಮಪ್ಪನ ಕಾಲು ಅರ್ಜಂಟಲ್ಲೇನೋ ಹಲ್ಕಟ್ಟಾ?”

ಗಲ್ಲಿಯೇ ಸೇರಿತು. ನಾನು ಬೈದದ್ದೆಲ್ಲ ಕನ್ನಡದಲ್ಲಿ. ಅಲ್ಲಿದ್ದವರಲ್ಲಿ ಅದು ತಿಳಿದದ್ದು ಅವನೊಬ್ಬನಿಗೇ. ಅವನು ನೆಲ ನೋಡುತ್ತ ನಿಂತಿದ್ದ.

ಅದೇ ವಾರ ಅಪ್ಪನಿಗೆ ಜ್ವರ ಏರಿತು. ಕಾಲು ತೆಗೆದರು.

ಬೇಸಿಗೆಯ ಒಂದು ಮಧ್ಯಾಹ್ನ ಲೇಥಿನವನು ತಾನಾಗಿಯೇ ಮನೆ ಹುಡುಕಿಕೊಂಡು ಬಂದ. ಬಗಲಲ್ಲಿ ಸಿಲಿಂಡರ್, ಅದರೊಳಗೆ ಎಲ್ಲಿಂದಲೋ ತರಿಸಿದ ಬೇರೆ ಪಿಸ್ಟನ್. ಅಪ್ಪ ಪಡಸಾಲೆಯಲ್ಲಿ ಕುರ್ಚಿಯ ಮೇಲಿದ್ದರು. ಲುಂಗಿಯ ಬಲಭಾಗ ಮಡಚಿ ಸಿಕ್ಕಿಸಿತ್ತು. ಅವನು ಬಾಗಿಲಲ್ಲೇ ನಿಂತುಬಿಟ್ಟ.

“ಯಾ ಅಲ್ಲಾ... ಇದು ಯಾವಾಗ ಆತ್ರಿ ಅಬ್ಬಾ?”

ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಹೇಳಿದರು: “ಪರಸೋಂ.”

ಗಾಯ ಮಾಗಿ, ಹೊಲಿಗೆ ಬಿಚ್ಚಿ ಎಷ್ಟು ಕಾಲವಾಗಿತ್ತೋ. ಅವನು ಒಳಗೆ ಬಂದು ಸಿಲಿಂಡರನ್ನು ಅಪ್ಪನ ಕೈಗಿಟ್ಟ. ಅಪ್ಪ ಪಿಸ್ಟನ್ ಹೊರಗೆ ತೆಗೆದು, ಒಳಗೆ ಹೆಬ್ಬೆಟ್ಟು ಆಡಿಸಿ ನೋಡಿದರು.

“ಛಲೋ ಕೊರದೀಪಾ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಚಾ ಮಾಡವಾ ಅವಗ,” ಎಂದರು.

ನಾನು ಏಳಲಿಲ್ಲ. ಅಪ್ಪ ಇನ್ನೊಮ್ಮೆ ಹೇಳಿದರು, ಆಗಲೂ ಏಳಲಿಲ್ಲ. ನಮ್ಮ ಮನೆಗೆ ಬಂದವರು ಯಾರೂ ಬರಿಬಾಯಲ್ಲಿ ಹೋಗಿಲ್ಲ, ಅವನೊಬ್ಬನನ್ನು ಬಿಟ್ಟು. ಅದಕ್ಕೆ ನನಗೆ ಇವತ್ತಿಗೂ ಕೆಡುಕೆನಿಸಿಲ್ಲ.