ಅಕ್ಕನ ಬಲಗೈ ಮತ್ತು ಚೀನಾದ ಸೂಜಿ

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ಮೊದಲು ನಗುತ್ತಿದ್ದವನು ನಾನೇ ಎಂದು ಒಪ್ಪಿಕೊಂಡೇ ಶುರು ಮಾಡುತ್ತೇನೆ. ಕೊಟ್ಟೂರಿನ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿ ನಿವೃತ್ತನಾದವನು ನಾನು. ಸ್ಟಾಫ್ ರೂಮಿನಲ್ಲಿ ಯಾರಾದರೂ ಗಾಳಿ, ಮಾಟ, ಮೈಮೇಲೆ ಬರುವುದು ಎಂದು ಬಾಯಿ ತೆರೆದರೆ ಸಾಕು, ಉಳಿದವರು ನನ್ನ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದರು, ಇನ್ನೇನು ಮೇಷ್ಟ್ರು ಶುರು ಹಚ್ಚಿಕೊಳ್ಳುತ್ತಾರೆ ಎಂದು. ನಾನೂ ಅವರಿಗೆ ನಿರಾಸೆ ಮಾಡುತ್ತಿರಲಿಲ್ಲ. ಆದ್ದರಿಂದ ಈಗ ಬರೆಯುವುದನ್ನು ಓದಿ ನೀವು ನಕ್ಕರೆ ನನಗೆ ಸಿಟ್ಟು ಬರುವುದಿಲ್ಲ. ಇದು ನಡೆದದ್ದು ಹಗಲು ನಾಲ್ಕು ಗಂಟೆಗೆ, ಕಿಟಕಿ ತೆರೆದಿದ್ದ ಕೋಣೆಯಲ್ಲಿ, ಆಗತಾನೇ ಚಹಾ ಕುಡಿದು ನಾನು ಚೆನ್ನಾಗಿ ಎಚ್ಚರವಾಗಿದ್ದಾಗ ಎಂಬುದನ್ನು ಮಾತ್ರ ನೆನಪಿಡಿ.

ನಮ್ಮದು ಹರಪನಹಳ್ಳಿ ಕಡೆಯ ಕುರಿ ಸಾಕುವ ಮನೆತನ. ಅಪ್ಪ ಹಿಂಡಿನ ಜೊತೆ ತಿಂಗಳುಗಟ್ಟಲೆ ಊರೂರು ಅಲೆಯುತ್ತಿದ್ದ. ಅವ್ವ ನಾನು ಮೊಲೆ ಬಿಡುವ ಮೊದಲೇ ತೀರಿಕೊಂಡಳಂತೆ, ನನಗೆ ಅವಳ ಮುಖ ಗೊತ್ತಿಲ್ಲ. ನನ್ನನ್ನು ಬೆಳೆಸಿದವರು ಅಜ್ಜಿ ಮತ್ತು ನನಗಿಂತ ಏಳು ವರ್ಷ ದೊಡ್ಡವಳಾದ ಅಕ್ಕ. ಅಕ್ಕನನ್ನು ತೆಲಿಗಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ, ಭಾವನೂ ಬೇಗ ಹೋದರು. ಆದರೂ ಅವಳು ಯಾರ ಹಂಗಿಲ್ಲದೆ ಎರಡೆಕರೆ ಹೊಲ ಮಾಡಿಕೊಂಡು ಗಟ್ಟಿಯಾಗಿದ್ದಳು. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಲಕ್ವ ಹೊಡೆದು ಬಲಭಾಗ ಪೂರಾ ಬಿದ್ದುಹೋಯಿತು. ದಾವಣಗೆರೆಯ ಆಸ್ಪತ್ರೆಯಲ್ಲಿ ಮೂರು ವಾರ ಇಟ್ಟುಕೊಂಡು ನೋಡಿದರು. ಕಾಲು ಬಂತು, ಮಾತು ಬಂತು. ಬಲಗೈ ಮಾತ್ರ ಬರಲಿಲ್ಲ. ನಾನು ಅವಳನ್ನು ಕೊಟ್ಟೂರಿಗೆ ಕರೆದುಕೊಂಡು ಬಂದೆ.

ಕೈ ಬರದಿದ್ದರೇನು, ಜೀವ ಉಳಿಯಿತಲ್ಲ ಎಂದು ನೀವು ಹೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಅಕ್ಕ ಎಡಗೈಯಲ್ಲಿ ಉಣ್ಣಲು ಒಪ್ಪಲಿಲ್ಲ. ಎಡಗೈ ಎಂಥ ಕೆಲಸಕ್ಕೆ ಎಂದು ನಮ್ಮ ಕಡೆ ಕೂಸಿಗೂ ಗೊತ್ತು. ಎಪ್ಪತ್ತು ವರ್ಷ ಹಾಗೆ ನಡೆದುಕೊಂಡವಳು, ಈಗ ಅದೇ ಕೈಯನ್ನು ಅನ್ನಕ್ಕೆ ಹಾಕಲಾರೆ ಎಂದು ಹಟ ಹಿಡಿದಳು. ಚಮಚ ತಂದುಕೊಟ್ಟೆ. ಅದನ್ನೂ ಎಡಗೈಯಲ್ಲೇ ಹಿಡಿಯಬೇಕಲ್ಲ, ಮುಟ್ಟಲಿಲ್ಲ. ನನ್ನ ಹೆಂಡತಿ ತಿನ್ನಿಸಲು ಕೂತರೆ ಎರಡು ತುತ್ತಿಗೆ ತಲೆ ಅಲ್ಲಾಡಿಸುತ್ತಿದ್ದಳು.

“ಲೇ ತಮ್ಮ, ಕೂಸಿನಂಗ ಉಣಿಸಿಕ್ಯಂಡು ಎಷ್ಟು ದಿನ ಕುಂದ್ರಲಿ? ಸಾಕಾಗೈತಿ ನನಗ” ಎಂದು ಒಮ್ಮೆ ಹೇಳಿದಳು. ಸಿಟ್ಟಿನಿಂದ ಹೇಳಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ, ಅವಳು ಮೆತ್ತಗೆ ಹೇಳಿದಳು. ಆರು ತಿಂಗಳಲ್ಲಿ ಅವಳ ಕುಪ್ಪಸಗಳನ್ನು ಎರಡು ಸಲ ಹಿಡಿಸಿ ಹೊಲಿಸಬೇಕಾಯಿತು. ಡಾಕ್ಟರು ಹೊಟ್ಟೆಯಲ್ಲಿ ಯಾವ ರೋಗವೂ ಇಲ್ಲ, ಹೀಗೇ ಊಟ ಬಿಟ್ಟರೆ ಮಾತ್ರ ಉಳಿಯುವುದು ಕಷ್ಟ ಎಂದರು. ಅಕ್ಕನ ಜೀವ ಈಗ ಆ ಕೈಯಲ್ಲೇ ಇತ್ತು.

ಹಗರಿಬೊಮ್ಮನಹಳ್ಳಿಯಲ್ಲಿ ಚೀನಾದಲ್ಲಿ ಓದಿ ಬಂದ ಡಾಕ್ಟರಮ್ಮ ಒಬ್ಬಳಿದ್ದಾಳೆ, ಸೂಜಿ ಹಾಕಿ ಲಕ್ವ ವಾಸಿ ಮಾಡುತ್ತಾಳಂತೆ ಎಂಬ ಸುದ್ದಿ ತಂದವಳು ನನ್ನ ಹೆಂಡತಿ. ಚೀನಾದ ಮಾಲು ಎಷ್ಟು ದಿನ ಬಾಳಿಕೆ ಬರುತ್ತದೆ ಗೊತ್ತಲ್ಲ ಎಂದು ನಾನು ತಮಾಷೆ ಮಾಡಿದೆ. ಅವಳು ನಗಲಿಲ್ಲ. ಮರುದಿನವೇ ಅಕ್ಕನನ್ನು ಬಸ್ಸಿಗೆ ಹತ್ತಿಸಿಕೊಂಡು ಹೊರಟೆ, ನಂಬಿಕೆಯಿಂದಲ್ಲ, ಹೆಂಡತಿಯ ಮುಖ ನೋಡಲಾರದೆ.

ಡಾಕ್ಟರಮ್ಮನ ಹೆಸರು ಶೈಲಾ. ಹೊಳಲಿನ ಹುಡುಗಿ, ಮೂವತ್ತೆರಡೋ ಮೂವತ್ಮೂರೋ ವಯಸ್ಸು. ಎಂಬಿಬಿಎಸ್ ಓದಲು ಚೀನಾಕ್ಕೆ ಹೋದವಳು ಅಲ್ಲೊಬ್ಬ ಮುದುಕ ಗುರುವಿನ ಹತ್ತಿರ ಸೂಜಿ ಚಿಕಿತ್ಸೆಯನ್ನೂ ಗಿಡಮೂಲಿಕೆಯ ಕಷಾಯಗಳನ್ನೂ ಕಲಿತಿದ್ದಳು. ಕಿರಾಣಿ ಅಂಗಡಿಯ ಮೇಲಿನ ಒಂದೇ ಕೋಣೆ, ಎರಡು ಮಂಚ, ನಡುವೆ ಹಸಿರು ಪರದೆ. ಅವಳು ಮೊದಲ ದಿನವೇ ಆಸ್ಪತ್ರೆಯ ಗುಳಿಗೆ ಒಂದೂ ಬಿಡಬಾರದು ಎಂದು ತಾಕೀತು ಮಾಡಿದ್ದು ನನಗೆ ಹಿಡಿಸಿತು. ಆಮೇಲೆ ಒಂದು ಪ್ರಶ್ನೆ ಕೇಳಿದಳು.

“ಮೈಮ್ಯಾಲೆ ಎಲ್ಲಾದ್ರೂ ಬರಿ ಹಾಕಿಸಿದ್ದು ಐತೇನ್ರಿ ಸರ್? ಸುಟ್ಟ ಕಲಿ ಮ್ಯಾಲೆ ನಾನು ಸೂಜಿ ಹಾಕಂಗಿಲ್ಲ. ಇದ್ರ ಹೇಳಿಬಿಡ್ರಿ.”

ಬರೆ ಎಂದರೆ ಗೊತ್ತಲ್ಲ, ಕಾಯಿಲೆಯ ಮಕ್ಕಳಿಗೆ ಅರಿಶಿನದ ಕೊಂಬನ್ನು ದೀಪಕ್ಕೆ ಹಿಡಿದು, ಕೆಂಪಗಾದ ತುದಿಯನ್ನು ಚರ್ಮಕ್ಕೆ ಮುಟ್ಟಿಸುವುದು. ನಮ್ಮ ಕಡೆ ಹಿಂದೆ ಅದಿಲ್ಲದ ಮನೆಯಿರಲಿಲ್ಲ. ನಾನು ಅದರ ವಿರುದ್ಧ ಎಷ್ಟು ಭಾಷಣ ಬಿಗಿದಿದ್ದೇನೋ ಲೆಕ್ಕವಿಲ್ಲ. ಅಂಥ ಮೇಷ್ಟ್ರ ಎಡ ಮೊಣಕಾಲಿನ ಕೆಳಗೇ ಅಜ್ಜಿ ಹಾಕಿದ ಬರೆಯೊಂದು ಇತ್ತು. ಐದು ವರ್ಷದವನಿದ್ದಾಗ ಜ್ವರ ಬಂದು ಹೋದ ಮೇಲೆ ಕಾಲಿಗೆ ಶಕ್ತಿ ಬರಲಿಲ್ಲವೆಂದು ಹಾಕಿದ್ದು. ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಸೈಕಲ್ಲಿನಿಂದ ಬಿದ್ದ ಗಾಯ ಎಂದು ಹೇಳಿದವನು ಇವತ್ತಿಗೂ ತಿದ್ದಿಲ್ಲ. ಡಾಕ್ಟರಮ್ಮನಿಗೂ, ಅಕ್ಕ ಬಾಯಿ ತೆರೆಯುವ ಮೊದಲೇ, “ನಮ್ಮ ಮನ್ಯಾಗ ಅಂಥದ್ದೇನೂ ಇಲ್ರಿ” ಎಂದುಬಿಟ್ಟೆ. ಅಕ್ಕ ನನ್ನ ಮುಖ ನೋಡಿ ಸುಮ್ಮನಾದಳು. ತಮ್ಮನ ಮರ್ಯಾದೆ ಕಳೆಯುವವಳಲ್ಲ ಅವಳು.

ಆ ದಿನಗಳನ್ನು ನೆನೆದರೆ ಈಗಲೂ ಹಿತವಾಗುತ್ತದೆ. ಊಟ ಮುಗಿಸಿ ಇಬ್ಬರೂ ಬಸ್ಸು ಹಿಡಿಯುತ್ತಿದ್ದೆವು. ಅಕ್ಕನಿಗೆ ಕಿಟಕಿಯ ಪಕ್ಕವೇ ಆಗಬೇಕು. ಹೊಲದಲ್ಲಿ ಕುರಿ ಹಿಂಡು ಕಂಡರೆ ಎಷ್ಟು ತಲೆ ಇದ್ದಾವು ಎಂದು ಎಣಿಸುವಳು, ಬಸ್ಸು ಮುಂದೆ ಹೋದರೆ ಡ್ರೈವರನನ್ನು ಬೈಯುವಳು. ನನಗೆ ಮದುವೆಯಾದ ಮೇಲೆ ಅಕ್ಕನ ಪಕ್ಕ ಇಷ್ಟು ಹೊತ್ತು ಕೂತದ್ದೇ ಇರಲಿಲ್ಲ. ಡಾಕ್ಟರಮ್ಮ ಕೊಟ್ಟ ಕಷಾಯದ ಪೊಟ್ಟಣವನ್ನು ಮೊದಲ ದಿನ ಬಿಚ್ಚಿದಾಗ ಯಾವ್ಯಾವುದೋ ಬೇರು, ಜ್ಯೇಷ್ಠಮಧು, ಒಣಶುಂಠಿ, ಜೊತೆಗೆ ಸುಕ್ಕುಗಟ್ಟಿದ ಕೆಂಪು ಹಣ್ಣುಗಳು. ಅಕ್ಕ ಒಂದನ್ನು ಮೂಸಿ ನೋಡಿ, “ಇದು ನಮ್ಮ ಬಾರಿಹಣ್ಣಲ್ಲೇನಲೇ! ಇದನ್ನ ತರಾಕ ಚೀನಾಕ್ಕ ಹೋಗಿದ್ಲಾ ಆ ಹುಡುಗಿ?” ಎಂದು ನಕ್ಕಳು. ಕಾಯಿಲೆ ಬಿದ್ದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು. ಚಿಕ್ಕಂದಿನಲ್ಲಿ ಅಪ್ಪನ ಹಿಂಡಿನ ಹಿಂದೆ ಹೋಗಿ ಉಡಿ ತುಂಬ ಬಾರೆಹಣ್ಣು, ಎಲಚಿ ಎನ್ನುತ್ತಾರಲ್ಲ ಅದನ್ನು, ಆರಿಸುತ್ತಿದ್ದುದನ್ನು ರಾತ್ರಿಯೂಟದವರೆಗೆ ಮಾತಾಡಿಕೊಂಡೆವು.

ನಗು ಬಂತು, ಕೈ ಬರಲಿಲ್ಲ. ಒಂಬತ್ತು ದಿನ ಸೂಜಿಯಾದರೂ ಒಂದು ಬೆರಳೂ ಅಲುಗಲಿಲ್ಲ. ಚುಚ್ಚಿದ್ದೇ ಗೊತ್ತಾಗುವುದಿಲ್ಲ ಎನ್ನುತ್ತಿದ್ದಳು. ಊಟ ಮತ್ತೂ ಕಡಿಮೆಯಾಗಿತ್ತು.

ಹತ್ತನೇ ದಿನ ನನ್ನ ತಾಳ್ಮೆ ತಪ್ಪಿತು. ಅಕ್ಕನಿಗೆ ಸೂಜಿ ಹಾಕಿ, ಪರದೆ ಎಳೆದು ಡಾಕ್ಟರಮ್ಮ ಈಚೆಗೆ ಬಂದಾಗ, ಇದರಿಂದ ನಿಜವಾಗಿ ಏನಾದರೂ ಆಗುತ್ತದೋ, ನನಗೂ ಒಂದು ಹಾಕಿ ನೋಡಿ ಎಂದೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಖಾಲಿಯಿದ್ದ ಇನ್ನೊಂದು ಮಂಚ ತೋರಿಸಿ ಪ್ಯಾಂಟು ಮೊಣಕಾಲಿನ ಮೇಲೆ ಮಡಚಲು ಹೇಳಿದಳು. ಸವಾಲಿನ ಹುರುಪಿನಲ್ಲಿ ನಾನು ಮಡಚಿದೆ. ಮಡಚಿದ ಮೇಲೆ ನೆನಪಾಯಿತು.

ಅವಳು ಬರೆಯನ್ನು ನೋಡಿದಳು, ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. “ಸರ್, ಇದನ್ನ ಹಾಕಿದೋರು ಯಾರು?” ಎಂದು ಮೆಲ್ಲಗೆ ಕೇಳಿದಳು. ಅಜ್ಜಿ ಎಂದೆ. ಚೀನಾದವರು ದಣಿದ ಕಾಲಿಗೆ ಸೂಜಿ ಹಾಕುವುದು ಕರಾರುವಾಕ್ಕಾಗಿ ಇದೇ ಜಾಗಕ್ಕಂತೆ. ಅದರ ಹೆಸರೇ ಮೂರು ಮೈಲಿ ಎಂದು, ಇಲ್ಲಿ ಸೂಜಿ ಬಿದ್ದರೆ ಸೋತ ಕಾಲು ಇನ್ನೂ ಮೂರು ಮೈಲಿ ನಡೆಯುತ್ತದಂತೆ. ಅಕ್ಷರ ಬಾರದ ನಮ್ಮಜ್ಜಿಗೆ ಆ ಜಾಗವನ್ನು ತೋರಿಸಿಕೊಟ್ಟವರು ಯಾರೋ. ಡಾಕ್ಟರಮ್ಮ ಕಲೆಯನ್ನು ತಪ್ಪಿಸಿ, ಅದರ ಅಂಚಿಗೆ ಒಂದು ಸೂಜಿ ಇಳಿಸಿ, ಎರಡು ಬೆರಳಲ್ಲಿ ಅದನ್ನು ತಿರುಗಿಸಿದಳು. ನನಗೆ ಕಾಲಿನಲ್ಲಿ ಸಣ್ಣಗೆ ಜೋಮು ಹಿಡಿದಂತಾಯಿತು, ಅಷ್ಟೆ.

ಪರದೆಯ ಆಚೆಯಿಂದ ಅಕ್ಕ ಕೂಗಿದಳು. “ಬೇ ಅಜ್ಜಿ, ಕೈಗೆ ಬಿತ್ತು! ನನ್ನ ಕೈ ಸುಡಾಕತ್ತೈತಿ!”

ಅದು ಎಪ್ಪತ್ತು ವರ್ಷದ ಹೆಂಗಸಿನ ದನಿಯಾಗಿರಲಿಲ್ಲ. ಡಾಕ್ಟರಮ್ಮ ಪರದೆ ಸರಿಸಿ ನೋಡಿದಳು. ಅಕ್ಕ ಕಣ್ಣು ಮುಚ್ಚಿ ನಿದ್ದೆಯಲ್ಲಿದ್ದಳು. ಕನಸು ಎಂದೆ ನಾನು. ನಾವು ಅಜ್ಜಿಯ ಮಾತಾಡಿದ್ದು ಕಿವಿಗೆ ಬಿದ್ದಿರಬೇಕು ಎಂದೂ ಸೇರಿಸಿದೆ. ಡಾಕ್ಟರಮ್ಮ ತುಟಿಯ ಮೇಲೆ ಬೆರಳಿಟ್ಟು, ಪರದೆಯನ್ನು ಹಾಗೇ ತೆರೆದಿಟ್ಟು ಮತ್ತೆ ನನ್ನ ಕಾಲಿನ ಸೂಜಿ ತಿರುಗಿಸಿದಳು. ಅಕ್ಕನ ಬಲಗೈ ಹೆಬ್ಬೆರಳು ಮಡಚಿಕೊಂಡಿತು, ಅವಳು ನಿದ್ದೆಯಲ್ಲೇ ಹಲ್ಲು ಕಚ್ಚಿ ನರಳಿದಳು. ಸೂಜಿ ಬಿಟ್ಟಾಗ ಹೆಬ್ಬೆರಳು ಸಡಿಲಾಯಿತು. ಒಂದೆರಡು ನಿಮಿಷ ಬಿಟ್ಟು ಮೂರನೇ ಸಲ ತಿರುಗಿಸಿದಳು. ಮತ್ತೆ ಹಾಗೇ ಆಯಿತು. ಹತ್ತು ತಿಂಗಳು ಸತ್ತು ಬಿದ್ದಿದ್ದ ಹೆಬ್ಬೆರಳು ಅದು.

ನಾಲ್ಕನೇ ಸಲ ಏನೂ ಆಗಲಿಲ್ಲ. ಆಮೇಲೂ ಎಷ್ಟೋ ದಿನ ನಾನೇ ಕೇಳಿ ಕೇಳಿ ಚುಚ್ಚಿಸಿಕೊಂಡೆ. ಒಮ್ಮೆಯೂ ಏನೂ ಆಗಲಿಲ್ಲ, ಅಕ್ಕನ ಗೊರಕೆಯಷ್ಟೇ ಕೇಳುತ್ತಿತ್ತು.

ಆ ದಿನ ಡಾಕ್ಟರಮ್ಮ ಅಕ್ಕನ ಬಲಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ, ದುಡಿದು ಒರಟಾದ ಚರ್ಮದಲ್ಲಿ, ಜೋಳದ ಕಾಳಿನಷ್ಟು ಬೆಳ್ಳಗಿನ ಗುರುತು. ಹಳೆಯ ಸುಟ್ಟ ಕಲೆ. ಹತ್ತು ದಿನವೂ ಅವಳು ಸೂಜಿ ಹಾಕಿದ್ದು ಸರಿಯಾಗಿ ಅದರ ಮೇಲೇ. “ನೀವು ಇಲ್ಲ ಅಂದ್ರಲ್ಲ ಸರ್, ನಾನು ಹುಡುಕಲಿಲ್ಲ” ಎಂದಳು. ನಾನು ತಲೆ ತಗ್ಗಿಸಿದೆ. ನಡೆದದ್ದು ಏನು ಎಂದು ಕೇಳಿದ್ದಕ್ಕೆ, “ನಾ ಓದಿದ ಯಾವ ಪುಸ್ತಕದಾಗೂ ಇದು ಇಲ್ರಿ” ಎಂದಷ್ಟೇ ಹೇಳಿದಳು.

ಮರುದಿನದಿಂದ ಅವಳು ಸೂಜಿಯನ್ನು ಅರ್ಧ ಬೆರಳು ಪಕ್ಕಕ್ಕೆ ಹಾಕಿದಳು. ಕೈ ನಿಧಾನವಾಗಿ ಬರತೊಡಗಿತು. ಮೊದಲು ಹೆಬ್ಬೆರಳು, ಆಮೇಲೆ ಉಳಿದವು. ಸೂಜಿಯ ಜಾಗ ಬದಲಾದದ್ದರಿಂದಲೋ, ಕಷಾಯದಿಂದಲೋ, ಆಸ್ಪತ್ರೆಯ ಗುಳಿಗೆಯಿಂದಲೋ, ತಾನಾಗಿಯೇ ಬರುವ ಹೊತ್ತು ಬಂದಿತ್ತೋ ನಾನು ಹೇಳಲಾರೆ. ಕೈ ಬಂದದ್ದಕ್ಕೆ ನಾನು ಇಷ್ಟು ಕಾರಣ ಕೊಡಬಲ್ಲೆ. ನನ್ನ ಕಾಲಿನ ಸೂಜಿಗೆ ಅವಳ ಹೆಬ್ಬೆರಳು ಮಡಚಿದ್ದಕ್ಕೆ ಒಂದೂ ಸಿಗುವುದಿಲ್ಲ. ನರಗಳ ಪಾಠವನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಎಷ್ಟು ಸಲ ಮಾಡಿಲ್ಲ ನಾನು. ನನ್ನ ನರ ನನ್ನ ಚರ್ಮದೊಳಗೇ ಮುಗಿಯುತ್ತದೆ, ಇನ್ನೊಬ್ಬರ ಕೈಗೆ ಹೋಗುವ ದಾರಿ ಅದಕ್ಕಿಲ್ಲ.

ಎರಡೂವರೆ ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅಕ್ಕ ನಮ್ಮ ಅಡುಗೆಮನೆಯಲ್ಲಿ ತಟ್ಟೆ ಮುಂದಿಟ್ಟುಕೊಂಡು ಬಲಗೈಯಲ್ಲಿ ರೊಟ್ಟಿ ಮುರಿದಳು. ತುಂಡು ಸರಿಯಾಗಿ ಬರಲಿಲ್ಲ, ಪಲ್ಯ ಸೀರೆಯ ಮೇಲೆ ಬಿತ್ತು. ಯಾರೂ ಹತ್ತಿರ ಬರಬಾರದು ಎಂದು ಕಣ್ಣಲ್ಲೇ ಗದರಿಸಿ ತಾನೇ ಉಂಡಳು. ಒಂದೂವರೆ ರೊಟ್ಟಿ. ನನ್ನ ಹೆಂಡತಿ ಒಲೆಯ ಕಡೆ ತಿರುಗಿ ಅಳುತ್ತಿದ್ದಳು. ಅಂದು ಕ್ಲಿನಿಕ್ಕಿನಲ್ಲಿ ಕೂಗಿದ್ದು ಅಕ್ಕನಿಗೆ ನೆನಪೇ ಇರಲಿಲ್ಲ. ಕೇಳಿದಾಗ, ಸೂಜಿ ಚುಚ್ಚಿದ್ದು ನನಗೆ, ಹುಚ್ಚು ಹಿಡಿದದ್ದು ನಿನಗೆ ಎಂದು ಹಾರಿಸಿಬಿಟ್ಟಿದ್ದಳು. ಆ ಕಲೆಯ ಮಾತನ್ನು ಮಾತ್ರ ನಾನು ಎತ್ತಿರಲಿಲ್ಲ. ಅವಳು ಖುಷಿಯಲ್ಲಿದ್ದಾಳೆಂದು ಧೈರ್ಯ ಮಾಡಿ, ಅಜ್ಜಿ ನನಗೆ ಬರೆ ಹಾಕುವಾಗ ನಿನ್ನ ಕೈಯೂ ಸುಟ್ಟಿತ್ತೇನಕ್ಕ ಎಂದು ಕೇಳಿದೆ.

ಅವಳ ಕೈ ತಟ್ಟೆಯಲ್ಲೇ ನಿಂತಿತು.

“ನಿನ್ನ ಕಾಲು ನಾ ಹಿಡಕೊಂಡಿದ್ದೆ. ಅಜ್ಜಿಗೆ ಕಣ್ಣು ಮಂದ. ಎರಡನೇದು ನನ್ನ ಕೈಗೆ ಬಿತ್ತು. ಕೂಗಿದ್ರ ಗೊತ್ತಾಗಿ ಮತ್ತ ನಿನಗ ಹಾಕ್ತಿದ್ಲು. ಬಾಯಿ ಮುಚ್ಚಿಕ್ಯಂಡು ಕುಂತೆ.”

ಅವಳಿಗಾಗ ಹನ್ನೆರಡು ವರ್ಷ. ಅವತ್ತು ಕೂಗದೆ ಉಳಿದವಳು ಅರವತ್ತು ವರ್ಷದ ಮೇಲೆ ಹಗರಿಬೊಮ್ಮನಹಳ್ಳಿಯಲ್ಲಿ ಕೂಗಿದಳೇ? ಹಾಗೆ ಕೇಳಿಕೊಳ್ಳಲೂ ನನಗೆ ನಾಚಿಕೆಯಾಗುತ್ತದೆ. ಅಕ್ಕ ಆಮೇಲೆ ಮೂರು ವರ್ಷ ಬದುಕಿದ್ದಳು, ಕೊನೆಯ ದಿನದವರೆಗೂ ತನ್ನ ಕೈಯಿಂದಲೇ ಉಂಡಳು. ರೊಟ್ಟಿ ಮುರಿದ ಆ ಮಧ್ಯಾಹ್ನ ಅವಳು ನನ್ನನ್ನೇ ನೋಡುತ್ತ ಇನ್ನೂ ಒಂದು ಮಾತು ಕೇಳಿದಳು.

“ನಾನು ಅದನ್ನ ಅಜ್ಜಿಗೂ ಹೇಳಿಲ್ಲ, ನಿಮ್ಮ ಭಾವಗೂ ಹೇಳಿಲ್ಲ. ನಿನಗ ಯಾರು ಹೇಳಿದ್ರಲೇ ತಮ್ಮ?”