ಖಲಾಸಿ ಕಾಕಾ ಕೂರಿಸಿದ ಎಳೆ

ಮೊನ್ನೆ ಲಿಂಗಸುಗೂರಿನ ನಮ್ಮ ಕಚೇರಿಯ ಉಗ್ರಾಣದಲ್ಲಿ ಗುಜರಿಗೆ ಹಾಕುವ ಸಾಮಾನಿನ ಪಟ್ಟಿ ಮಾಡಿಸುತ್ತಿದ್ದೆ. ಮೂಲೆಯಲ್ಲಿ ಸಿಮೆಂಟಿನ ಖಾಲಿ ಚೀಲಗಳ ಕೆಳಗೆ ತೇಗದ ಪೆಟ್ಟಿಗೆಯೊಂದು ಬಿದ್ದಿತ್ತು. ಧೂಳು ಒರೆಸಿ ಕೊಂಡಿ ತೆಗೆದೆ. ಲವಂಗ ಮತ್ತು ಹೊಲಿಗೆ ಯಂತ್ರದ ಎಣ್ಣೆ ಸೇರಿದ ವಾಸನೆ ಮೂಗಿಗೆ ಬಂತು. ಒಳಗೆ ಏನಿದೆ ಎಂದು ನೋಡುವ ಅಗತ್ಯವೇ ಇರಲಿಲ್ಲ... ಅದು ಖಲಾಸಿ ಕಾಕಾನ ಥಿಯೋಡೊಲೈಟ್.

ಪಟ್ಟಿ ಬರೆಯುತ್ತಿದ್ದ ಹೊಸ ಇಂಜಿನಿಯರ್ ಹುಡುಗಿ ಬಗ್ಗಿ ನೋಡಿದಳು. "ನಮ್ಮ ಕಾಲೇಜಿನ ಕಪಾಟಿನಾಗ ಇಂಥದ್ದೊಂದು ಇತ್ರಿ ಮೇಡಂ. ಯಾರೂ ಮುಟ್ಟತಿದ್ದಿಲ್ಲ" ಎಂದಳು. ಅವಳದೇನೂ ತಪ್ಪಿಲ್ಲ. ಈಗಿನ ಯಂತ್ರಗಳು ಗುಂಡಿ ಒತ್ತಿದರೆ ಪರದೆಯ ಮೇಲೆ ಅಂಕಿ ತೋರಿಸುತ್ತವೆ. ಇದು ಹಾಗಲ್ಲ. ಮೂರು ಕಾಲಿನ ಮೇಲೆ ಕೂರಿಸುವ ಸಣ್ಣ ದುರ್ಬೀನು. ಎಡಕ್ಕೆ ಬಲಕ್ಕೆ ತಿರುಗುತ್ತದೆ, ಮೇಲಕ್ಕೆ ಕೆಳಕ್ಕೆ ಬಾಗುತ್ತದೆ. ಎಷ್ಟು ತಿರುಗಿತು, ಎಷ್ಟು ಬಾಗಿತು ಎಂಬುದನ್ನು ಎರಡು ಚಕ್ರಗಳ ಮೇಲೆ ಕೊರೆದ ಕೂದಲಿನಂಥ ಗೆರೆಗಳಲ್ಲಿ ಕಣ್ಣು ಕಿರಿದು ಮಾಡಿ ಓದಬೇಕು. ಆ ಕೋನಗಳಿಂದಲೇ ಗುಡ್ಡದ ಎತ್ತರವನ್ನೂ ಕಾಲುವೆಯ ದಿಕ್ಕನ್ನೂ ಲೆಕ್ಕ ಹಾಕುತ್ತಿದ್ದೆವು.

ನಾನು ಕೆಲಸಕ್ಕೆ ಸೇರಿದ್ದೂ ಇದೇ ಕಚೇರಿಗೆ, ಇಲ್ಲಿಗೆ ಬಂದ ಮೊದಲ ಹೆಣ್ಣು ಇಂಜಿನಿಯರ್ ಆಗಿ. ಸಿಂಧನೂರಿನ ಕಿರಾಣಿ ಅಂಗಡಿಯವರ ಮಗಳು, ಕಾಲೇಜಿಗೆ ಮೊದಲಿಗಳು, ಜಂಬಕ್ಕೆ ಏನೂ ಕಡಿಮೆ ಇರಲಿಲ್ಲ. ಕಾಕಾ ಆಗಲೇ ನಿವೃತ್ತಿಯ ಹತ್ತಿರ ಬಂದಿದ್ದ ಖಲಾಸಿ. ಸರ್ವೆಗೆ ಹೋಗುವಾಗ ಯಂತ್ರ ಹೊರುವುದು, ದೂರದಲ್ಲಿ ಅಳತೆಯ ಕೋಲು ಹಿಡಿದು ನಿಲ್ಲುವುದು ಖಲಾಸಿಯ ಕೆಲಸ. ವಳಕಮದಿನ್ನಿಯವರು. ಕಾಲುವೆಗಳ ದಂಡೆಯ ಮೇಲೆ ನಡೆದು ನಡೆದು ಅವರ ಹೆಜ್ಜೆಗಳು ಎಷ್ಟು ಸಮನಾಗಿದ್ದವೆಂದರೆ, ಟೇಪು ಮರೆತು ಬಂದ ದಿನ ಅವರನ್ನೇ ನಡೆಸಿ ದೂರ ಬರೆದುಕೊಂಡದ್ದುಂಟು.

ಜೀಪು ಕೆಟ್ಟಿದ್ದ ದಿನ ನಾವು ಬಸ್ಸಿನಲ್ಲಿ ಹೋಗುತ್ತಿದ್ದೆವು. ಕಾಕಾ ಆ ಪೆಟ್ಟಿಗೆಗೆ ಒಂದು ಅರ್ಧ ಟಿಕೆಟು ತೆಗೆಸಿ ಕಿಟಕಿಯ ಪಕ್ಕದ ಸೀಟಿನಲ್ಲಿ ಕೂರಿಸುತ್ತಿದ್ದರು. ಕಂಡಕ್ಟರು ಜಗಳಕ್ಕೆ ಬಂದರೆ ಟಿಕೆಟು ತೋರಿಸಿ ಸುಮ್ಮನೆ ಹೊರಗೆ ನೋಡುತ್ತಿದ್ದರು. ನಾನು ನಿಂತೇ ಪ್ರಯಾಣ ಮಾಡಿದ್ದೇನೆ, ಥಿಯೋಡೊಲೈಟ್ ನಿಂತದ್ದನ್ನು ನೋಡಿಲ್ಲ. ಪ್ರತಿ ಸೋಮವಾರ ಪೆಟ್ಟಿಗೆಯ ಮೂಲೆಗಳಲ್ಲಿ ಹೊಸ ಲವಂಗ ಇಡುತ್ತಿದ್ದರು, ಹುಳ ಬರಬಾರದೆಂದು. ಗಾಜು ಒರೆಸಲು ತಮ್ಮದೇ ಹಳೆಯ ಧೋತರದ ಮೆತ್ತನೆಯ ತುಂಡು. ಬೇರೆ ಬಟ್ಟೆ ಮುಟ್ಟಿಸಿದರೆ ಮುಖ ಗಂಟು ಹಾಕುತ್ತಿದ್ದರು.

ಅವರ ದೊಡ್ಡ ಪಾಠ ಎರಡು ಮುಖಗಳದು. ಒಂದು ಗುರುತನ್ನು ಮೊದಲು ಯಂತ್ರದ ನೆಟ್ಟಗೆ ನಿಂತ ಚಕ್ರ ಎಡಕ್ಕೆ ಬರುವಂತೆ ಇಟ್ಟು ನೋಡಬೇಕು. ಆಮೇಲೆ ದುರ್ಬೀನನ್ನು ಮಗುಚಿ, ಇಡೀ ಯಂತ್ರವನ್ನು ಅರ್ಧ ಸುತ್ತು ತಿರುಗಿಸಿ, ಚಕ್ರ ಬಲಕ್ಕೆ ಬಂದಾಗ ಅದೇ ಗುರುತನ್ನು ಮತ್ತೆ ನೋಡಬೇಕು. ಯಂತ್ರದಲ್ಲಿ ಏನೇ ಕೊರತೆ ಇದ್ದರೂ ಒಮ್ಮೆ ಮೇಲಕ್ಕೆ ಎಳೆದರೆ ಇನ್ನೊಮ್ಮೆ ಅಷ್ಟೇ ಕೆಳಕ್ಕೆ ಎಳೆಯುತ್ತದೆ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ನಿಜವಾದ ಕೋನ ಸಿಗುತ್ತದೆ. ಪುಸ್ತಕದಲ್ಲಿ ಇದನ್ನು ನಾನೂ ಓದಿದ್ದೆ. ಕಾಕಾ ಓದಿರಲಿಲ್ಲ, ಆದರೆ ಬಿಡುತ್ತಿರಲಿಲ್ಲ. ಎಡಮುಖ, ಅವರ ಬಾಯಲ್ಲಿ ಎಡಮಾರಿ, ನೋಡಿ ಮುಗಿಸುತ್ತಿದ್ದಂತೆ ಹಿಂದಿನಿಂದ ದನಿ ಬರುತ್ತಿತ್ತು: "ಮಾರಿ ತಿರುವ್ರಿ ಅಕ್ಕಾರ."

ದುರ್ಬೀನಿನೊಳಗೆ ಗುರಿ ಹಿಡಿಯಲು ಒಂದು ಅಡ್ಡ ಎಳೆ, ಒಂದು ಉದ್ದ ಎಳೆ ಇರುತ್ತವೆ. ಆ ಹಳೆಯ ಯಂತ್ರದಲ್ಲಿ ಅವು ಜೇಡರ ಹುಳದ ಎಳೆಗಳು. ನಂಬದವರು ನಂಬದೇ ಇರಲಿ, ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಸಲ ಅಡ್ಡ ಎಳೆ ಹರಿಯಿತು. ರಿಪೇರಿಗೆ ಹೈದರಾಬಾದಿಗೆ ಕಳಿಸಿದರೆ ಆರು ತಿಂಗಳು. ಕಾಕಾ ಕಾಲುವೆಯ ಕಲ್ಲುಗಳ ಸಂದಿಯಿಂದ ಒಂದು ಸಣ್ಣ ಜೇಡವನ್ನು ಕಡ್ಡಿಯ ಮೇಲೆ ಹತ್ತಿಸಿಕೊಂಡು ಬಂದರು. ಕಡ್ಡಿ ಕೊಡವಿದಾಗ ಅದು ಎಳೆ ಬಿಡುತ್ತ ಕೆಳಗಿಳಿಯಿತು. ಆ ಎಳೆಯನ್ನು ತಂತಿಯ ಕವೆಗೆ ಸುತ್ತಿಕೊಂಡು, ಹಿತ್ತಾಳೆಯ ಉಂಗುರದ ಮೇಲೆ ಚಾಚಿ, ಎರಡು ಕಡೆ ಅರಗಿನ ಹನಿ ಇಟ್ಟು ಕೂರಿಸಿದರು. ಮಧ್ಯಾಹ್ನವಿಡೀ ಉಸಿರು ಬಿಗಿಹಿಡಿದು ಮಾಡಿದ ಕೆಲಸ. ಮುಗಿದ ಮೇಲೆ ಜೇಡವನ್ನು ಬೇವಿನ ಗಿಡಕ್ಕೆ ಬಿಟ್ಟು ಬಂದು ಚಹಾ ಕುಡಿದರು. ಅಂದು ಅವರ ಮುಖದಲ್ಲಿದ್ದ ಹಿಗ್ಗು ನನಗೆ ಇನ್ನೂ ಕಾಣುತ್ತದೆ...

ಎಳೆ ಕೂರಿಸಿದ ಆ ಬೇಸಿಗೆಯಲ್ಲೇ, ಅದರ ಮೊದಲ ಕೆಲಸವಾಗಿ, ಗುರುಗುಂಟಾ ಕಡೆಯ ಒಂದು ಊರಿಗೆ ನಲ್ಲಿ ಹಾಕುವ ಕೆಲಸ ಬಂತು. ಊರೊಳಗೆ ನೀರಿನ ಎತ್ತರದ ಟಾಕಿ ಇತ್ತು. ಊರಾಚೆ ಬಂಡೆಯ ಮೇಲೆ ಸರ್ಕಾರದ ಮನೆಗಳ ಒಂದು ಕಾಲೊನಿ. ಟಾಕಿಯ ನೀರು ತಾನಾಗಿ ಆ ಬಂಡೆಗೆ ಏರುತ್ತದೆಯೇ ಇಲ್ಲವೇ ಎಂದು ನಾನು ಅಳೆದು ಹೇಳಬೇಕಿತ್ತು. ಏರುವುದಾದರೆ ಆ ವರ್ಷವೇ ಪೈಪು; ಇಲ್ಲದಿದ್ದರೆ ಬೇರೆ ಟಾಕಿ, ಬೇರೆ ಮಂಜೂರಾತಿ, ಎಷ್ಟು ವರ್ಷವೋ ಯಾರಿಗೆ ಗೊತ್ತು. ಕಾಕಾನ ಮಗಳನ್ನು ಕೊಟ್ಟದ್ದು ಅದೇ ಕಾಲೊನಿಗೆ. ದಿನಕ್ಕೆ ಏಳೆಂಟು ಕೊಡ ನೀರು ಹೊತ್ತು ಬಂಡೆ ಹತ್ತುತ್ತಿದ್ದಳು.

ಏರುತಗ್ಗು ಅಳೆಯುವ ಲೆವೆಲ್ ಯಂತ್ರ ಹಿಡಿದು ಬಂಡೆಯಿಂದ ಬಂಡೆಗೆ ಹತ್ತಿದರೆ ಎರಡು ದಿನ ಬೇಕಾಗುತ್ತಿತ್ತು. ಥಿಯೋಡೊಲೈಟಿನಲ್ಲಿ ಎರಡು ತಾಸಿನ ಕೆಲಸ ಎಂದು ನಾನು ಜಾಣತನ ಮಾಡಿದೆ. ಟಾಕಿಯ ಹತ್ತಿರ ಯಂತ್ರ ನಿಲ್ಲಿಸಿದೆ. ಕಾಕಾ ಕೋಲು ಹಿಡಿದು ಮೇಲೆ ಮಗಳ ಮನೆಯ ಮುಂದೆ ನಿಂತರು. ಬಿಸಿಲು ಏರಿ ಬಂಡೆಯ ಮೇಲಿನ ಗಾಳಿ ಕುಣಿಯತೊಡಗಿತ್ತು. ಸಂಜೆಯೊಳಗೆ ವರದಿ ಬೇಕೆಂದು ಸಾಹೇಬರು ಹೇಳಿ ಕಳಿಸಿದ್ದರು. ಎಡಮುಖ ನೋಡಿ ಬರೆದುಕೊಂಡೆ. ಅಂಕಿ ಚೆನ್ನಾಗಿಯೇ ಬಂದಿತ್ತು. ಹಿಂದೆ ನಿಂತು ಹೇಳುವವರು ಆ ದಿನ ಹಿಂದೆ ಇರಲಿಲ್ಲ... ನಾನು ಮುಖ ತಿರುಗಿಸಲಿಲ್ಲ.

ಅಲ್ಲೇ ಕಟ್ಟೆಯ ಮೇಲೆ ಕೂತು ಲೆಕ್ಕ ಹಾಕಿದೆ. ಟಾಕಿಯ ತಳ ಕಾಲೊನಿಗಿಂತ ಒಂದು ಗಜದಷ್ಟು ಮೇಲಿತ್ತು. ಖಾಲಿ ಕೊಡ ಹಿಡಿದು ಇಳಿದು ಬಂದ ಕಾಕಾನ ಮಗಳು ಕೇಳಿದಳು, "ನೀರು ಏರತಾವೇನ್ರಿ ಅಕ್ಕಾರ?"

"ಏರತಾವವಾ" ಎಂದೆ. ಆ ವಯಸ್ಸಿನಲ್ಲಿ ಹಾಗೆ ಹೇಳುವುದು ಎಷ್ಟು ಸುಲಭವಾಗಿತ್ತು.

ನಾಲ್ಕು ದಿನದ ಮೇಲೆ ಕಚೇರಿಯಲ್ಲಿ ಕಾಕಾ ಪೆಟ್ಟಿಗೆ ಒರೆಸುತ್ತ ಕೂತಿದ್ದರು. ನನ್ನ ಅಳತೆಯ ಪುಸ್ತಕ ಮೇಜಿನ ಮೇಲೆ ತೆರೆದಿತ್ತು. ಅವರು ಅದನ್ನು ಮುಖದ ಹತ್ತಿರ ಹಿಡಿದು ನೋಡಿ, "ಬಲಮಾರಿ ಕಾಲಮ್ ಖಾಲಿ ಐತಲ್ರಿ ಅಕ್ಕಾರ" ಎಂದರು.

"ಬಿಸಿಲಿತ್ತು ಕಾಕಾ. ಎಡಮಾರಿ ಸಾಫ್ ಬಂದೈತಿ, ಸಾಕು ಬಿಡ್ರಿ" ಎಂದೆ. ವರದಿ ಹೋಗಿಯಾಗಿತ್ತು, ಪೈಪಿನ ಪಟ್ಟಿಯಲ್ಲಿ ಕಾಲೊನಿಯ ಹೆಸರು ಸೇರಿಯಾಗಿತ್ತು. ಅವರು ಪುಸ್ತಕ ಮುಚ್ಚಿಟ್ಟು ಮತ್ತೆ ಪೆಟ್ಟಿಗೆ ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸುತ್ತಿದ್ದರು.

ಮರುದಿನ ಬೆಳಿಗ್ಗೆ ಇತರರು ಬರುವ ಮೊದಲೇ ನನ್ನ ಮೇಜಿನ ಮುಂದೆ ಬಂದು ನಿಂತರು. "ಆ ಎಳಿ ಕೂರಿಸೋ ಹೊತ್ತಿನ್ಯಾಗ ನನ್ನ ಕಣ್ಣಿಗೆ ಪೊರಿ ಬಂದಿತ್ರಿ. ಯಾರಿಗೂ ಹೇಳಿದ್ದಿಲ್ಲ, ಹೇಳಿದ್ರ ಸರ್ವೆ ಬಿಡಿಸ್ತಾರಂತ. ಎಳಿ ನಡುವ ಕೂತೈತೋ ಇಲ್ಲೋ ನನಗ ಖಾತ್ರಿ ಇಲ್ರಿ. ಎರಡೂ ಮಾರಿ ನೋಡಿದ್ರ ನಡೀತೈತಿ ಅಂತ ಸುಮ್ನಿದ್ದೆ."

ಎಳೆ ಸ್ವಲ್ಪ ಸರಿದು ಕೂತಿದ್ದರೆ ಒಂದೇ ಮುಖದಿಂದ ನೋಡಿದ ಎತ್ತರವೂ ತಪ್ಪು. ನಿಜ ಹೇಳುತ್ತೇನೆ, ಮೊದಲು ನೆನಪಾದದ್ದು ನೀರಲ್ಲ, ನನ್ನ ಮೊದಲ ವರದಿ.

ಭಾನುವಾರ ಇಬ್ಬರೇ ಬಸ್ಸಿಗೆ ಹೋದೆವು. ಪೆಟ್ಟಿಗೆ ಎಂದಿನಂತೆ ಕಿಟಕಿಯ ಪಕ್ಕ. ಕಾಕಾ ಊರಿನ ಒಬ್ಬರ ಕೈಗೆ ಕೋಲು ಕೊಟ್ಟು ಮೇಲೆ ಕಳಿಸಿ ತಾವು ನನ್ನ ಹಿಂದೆ ನಿಂತರು. ಎಡಮುಖ ನೋಡಿದೆ. "ಮಾರಿ ತಿರುವ್ರಿ." ತಿರುಗಿಸಿದೆ. ಎರಡು ಕೋನಗಳ ನಡುವೆ ಹದಿನಾರು ಮಿನಿಟಿನ ವ್ಯತ್ಯಾಸ. ಮೂರು ಸಲ ನೋಡಿದೆ, ಮೂರು ಸಲವೂ ಅಷ್ಟೇ. ಒಂದು ಮಿನಿಟು ಎಂದರೆ ಡಿಗ್ರಿಯ ಅರವತ್ತನೇ ಒಂದು ಪಾಲು, ಆದರೆ ಅಷ್ಟು ದೂರಕ್ಕೆ ಹದಿನಾರರ ಅರ್ಧ, ಎಂಟು ಮಿನಿಟೂ ಆಳಿನ ಎದೆಮಟ್ಟದಷ್ಟು ಎತ್ತರವಾಗುತ್ತದೆ. ಲೆಕ್ಕ ಮುಗಿದಾಗ ಕಾಲೊನಿಯೇ ಟಾಕಿಯ ತಳಕ್ಕಿಂತ ಗೇಣುದ್ದ ಮೇಲಿತ್ತು.

ನಾವು ಬಂಡೆ ಹತ್ತಿದೆವು. ಕಾಕಾನ ಮಗಳು ಮನೆಯ ಮುಂದೆ ನಲ್ಲಿಗೆಂದು ಆಗಲೇ ಕಲ್ಲಿನ ಕಟ್ಟೆ ಕಟ್ಟಿಸಿದ್ದಳು. ಗಿಲಾವು ಇನ್ನೂ ಹಸಿಯಿತ್ತು. ನಾನು ಬಾಯಿ ತೆರೆಯುವ ಮೊದಲೇ ಕಾಕಾ ಹೇಳಿದರು, "ನೀರು ಏರೂದಿಲ್ಲವಾ. ಎಳಿ ನಾ ತಪ್ಪು ಕೂರಿಸೀನಿ."

ಅವಳು ತಂದೆಯ ಕಡೆ ತಿರುಗಿದಳು. "ಇಷ್ಟು ದಿನ ಸುಮ್ನಿದ್ದಿ. ಇನ್ನೊಂದು ತಿಂಗಳು ಸುಮ್ನಿದ್ದಿದ್ರ ನಲ್ಲಿ ಆದ್ರೂ ಬರತಿತ್ತು."

"ನಲ್ಲಿ ಬರತಿತ್ತು. ನೀರು ಬರತಿದ್ದಿಲ್ಲ" ಎಂದರು ಕಾಕಾ.

ಅವಳು ಕೊಡ ತಗೊಂಡು ಬಂಡೆ ಇಳಿದು ಹೋದಳು. ನಮಗೆ ನೀರು ಕುಡಿಯಿರಿ ಎಂದೂ ಹೇಳಲಿಲ್ಲ.

ಸೋಮವಾರ ತಿದ್ದುಪಡಿಯ ಕಾಗದ ಬರೆದೆ. ಕಾರಣ ಎಂಬಲ್ಲಿ 'ನಾನು ಬಲಮುಖ ನೋಡಿರಲಿಲ್ಲ' ಎಂದಷ್ಟೇ ಬರೆದೆ. ಎಳೆಯ ವಿಷಯವನ್ನೂ ಬರೆಯಿರಿ ಎಂದು ಕಾಕಾ ಹಟ ಹಿಡಿದರು. ನಾನು ಬರೆಯಲಿಲ್ಲ. ಅವರ ಎದುರಿಗೇ ಅವರ ಮಾತು ಮೀರಿದ್ದು ಅದೊಂದೇ ಸಲ, ಅದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಎರಡೂ ಮುಖ ನೋಡಿದ್ದರೆ ಆ ಎಳೆ ಎಲ್ಲಿ ಕೂತಿದ್ದರೂ ನಡೆಯುತ್ತಿತ್ತು, ತಪ್ಪು ನನ್ನದೇ. ಸಾಹೇಬರು ಇಡೀ ಕಚೇರಿಯ ಮುಂದೆ ನನ್ನ ನೀರಿಳಿಸಿದರು. ಅಂದಿನಿಂದ ಇಂದಿನವರೆಗೆ ನನ್ನ ಯಾವ ಅಳತೆಯ ಮೇಲೂ ಯಾರೂ ಬೆರಳು ತೋರಿಸಿಲ್ಲ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ.

ಕಾಕಾ ತಾವಾಗಿಯೇ ಸರ್ವೆ ಬಿಟ್ಟರು. ಕಣ್ಣಿನ ಆಪರೇಷನ್ ಆಯಿತು, ಸ್ವಲ್ಪ ದಿನ ಕಚೇರಿಯ ಬಾಗಿಲಲ್ಲಿ ಕೂತರು, ಆಮೇಲೆ ನಿವೃತ್ತಿ. ಮಗಳು ಎರಡು ಬೇಸಿಗೆ ಅವರೊಂದಿಗೆ ಮಾತು ಬಿಟ್ಟಿದ್ದಳು. ನಾನು ಬಂಡೆಯ ತುದಿಯಲ್ಲಿ ಹೊಸ ಟಾಕಿಗೆ ಜಾಗ ಗುರುತಿಸಿ, ಎರಡೂ ಮುಖ ನೋಡಿ, ಮಂಜೂರಾತಿಗಾಗಿ ಕಚೇರಿಯಿಂದ ಕಚೇರಿಗೆ ತಿರುಗಿ ಮೇಲಿನವರ ತಲೆ ತಿಂದೆ. ಮೂರನೆಯ ಬೇಸಿಗೆಗೆ ಟಾಕಿ ಎದ್ದಿತು. ನೀರು ಬಂದ ವಾರ ಕಾಕಾನ ಫೋನು ಬಂತು.

"ಮಗಳು ಬಂದು ಹೋಗ್ಯಾಳ್ರಿ ಅಕ್ಕಾರ. ಒಂದು ಬಾಟ್ಲಿ ನೀರು ಕೊಟ್ಲು. ಏನೂ ಮಾತಾಡಲಿಲ್ಲ." ಆಮೇಲೆ, "ನೀರು ಸಿಹಿ ಅದಾವ್ರಿ" ಎಂದರು.

ಆಮೇಲೆ ನನಗೆ ವರ್ಗವಾಯಿತು. ಮೊದಲು ಹಬ್ಬಕ್ಕೊಮ್ಮೆ ಫೋನು, ಆಮೇಲೆ ವರ್ಷಕ್ಕೊಮ್ಮೆ, ಆಮೇಲೆ... ನಾನೇ ಬಿಟ್ಟೆ, ಅವರಲ್ಲ. ಮತ್ತೆ ಲಿಂಗಸುಗೂರಿಗೆ ಬಂದ ಮೇಲೆ ಒಂದು ದಿನ ಹೋದರಾಯಿತು ಎಂದುಕೊಂಡಿದ್ದೆ. ಪೆಟ್ಟಿಗೆ ಸಿಕ್ಕ ಆ ಮಧ್ಯಾಹ್ನವೇ ಫೋನು ಮಾಡಿದೆ. ಎತ್ತಿದವಳು ಮಗಳು. ಕಾಕಾ ಕಳೆದ ಮಳೆಗಾಲದಲ್ಲಿ ತೀರಿಕೊಂಡಿದ್ದರು. ಅವರ ಫೋನು ಈಗ ಅವಳ ಹತ್ತಿರ ಇತ್ತು. ಬಾಗಿಲು ಹಾಕಿಕೊಂಡು ಅತ್ತೆ. ಆಮೇಲೆ ಗುಜರಿಯ ಪಟ್ಟಿಯಿಂದ ಆ ಸಾಲನ್ನು ಹೊಡೆದುಹಾಕಿದೆ.

ಭಾನುವಾರ ಪೆಟ್ಟಿಗೆ ತಗೊಂಡು ಆ ಊರಿಗೆ ಹೋದೆ. ಕಾರಿನಲ್ಲಿ, ಕಿಟಕಿಯ ಪಕ್ಕ ಕೂರಿಸಿಕೊಂಡು. ಅವಳ ಕೂದಲು ಅರ್ಧ ಬೆಳ್ಳಗಾಗಿತ್ತು. ಕಲ್ಲಿನ ಕಟ್ಟೆಯ ಮೇಲೆ ನಲ್ಲಿ ಇತ್ತು, ಕೆಳಗೆ ಕೊಡ ತುಂಬುತ್ತಿತ್ತು. ಮೊದಲು ನನಗೆ ಒಂದು ತಂಬಿಗೆ ನೀರು ಕೊಟ್ಟಳು. ಅಂಗಳದಲ್ಲಿ ಯಂತ್ರ ನಿಲ್ಲಿಸಿ ಬಂಡೆಯ ತುದಿಯ ಟಾಕಿಗೆ ಗುರಿ ಹಿಡಿದು ಅವಳನ್ನು ಕರೆದೆ. ಕಣ್ಣಿಟ್ಟು ನೋಡಿದಳು.

"ಟಾಕಿ ತಲಿಕೆಳಗ ಕಾಣಾಕತ್ತೈತ್ರಿ."

"ಹಳೇದು ಹಂಗೇ ತೋರಿಸ್ತೈತವಾ. ಅಡ್ಡ ಎಳಿ ಕಾಣ್ತದೇನು?"

"ಕಾಣ್ತೈತ್ರಿ." ಕಣ್ಣು ಇನ್ನಷ್ಟು ಹತ್ತಿರ ಒಯ್ದಳು. "ನಡುವ ಇಲ್ಲ. ಜರಾ ಕೆಳಗೈತಿ."

"ಹೌದು. ಜರಾ ಕೆಳಗೈತಿ." ನಾನು ಎಡಮುಖದ ಅಂಕಿ ಬರೆದುಕೊಂಡೆ. ದುರ್ಬೀನು ಮಗುಚಿ, ಯಂತ್ರ ತಿರುಗಿಸಿ, ಮತ್ತೆ ಅದೇ ಟಾಕಿಗೆ ಗುರಿ ಹಿಡಿದೆ. "ಈಗ ನೋಡವಾ."

ಅವಳು ಬಗ್ಗಿದಳು. ಒಂದು ಕೈಯಿಂದ ಸೆರಗು ಹಿಡಿದು, ಉಸಿರು ಬಿಗಿಹಿಡಿದು, ಥೇಟು ಅವರಪ್ಪನಂತೆ ನೋಡಿದಳು.

"ಈಗ ಮ್ಯಾಲೈತಿ" ಎಂದಳು. "ಅಷ್ಟ ಮ್ಯಾಲೈತ್ರಿ." ಕಣ್ಣು ತೆಗೆಯಲೇ ಇಲ್ಲ. ಕೊಡ ತುಂಬಿ ನೀರು ಕಟ್ಟೆಯಿಂದ ಹರಿಯತೊಡಗಿತ್ತು, ನಾನೇ ಹೋಗಿ ನಲ್ಲಿ ನಿಲ್ಲಿಸಿ ಬಂದೆ.

ಆಮೇಲೆ ಚಕ್ರ ಓದಿ ಬಲಮುಖದ ಅಂಕಿಯನ್ನೂ ಬರೆದೆ. ಕಾಲಮ್ ತುಂಬಿತು ಕಾಕಾ ಎನ್ನಲು ಹಿಂದೆ ತಿರುಗಿದೆ... ಹಿಂದೆ ಬರೀ ಬಂಡೆ ಇತ್ತು.